ಮರುಮಾತಿನ ಮಾರುಕಟ್ಟೆ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿಗೆ ಹೋಗುತ್ತಿದ್ದ ಶ್ರೀಗಂಧದ ರಫ್ತು ನಿಂತುಹೋಗಿ, ಮೈಸೂರು ಸಂಸ್ಥಾನದಲ್ಲಿ ಗಂಧದ ಕೊರಡುಗಳು ರಾಶಿಬಿದ್ದಾಗ, ಅವುಗಳಿಂದ ಎಣ್ಣೆಯನ್ನೂ ಆ ಎಣ್ಣೆಯಿಂದ ಸಾಬೂನನ್ನೂ ತಯಾರಿಸುವ ಉದ್ಯಮವನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಕೈಗೊಂಡಿತಷ್ಟೆ. ಹಾಗೆ ಹುಟ್ಟಿದ ಮೈಸೂರು ಸ್ಯಾಂಡಲ್ ಸಾಬೂನಿನ ಪ್ರಸಿದ್ಧಿಗಾಗಿ ಹಿಂದಿನವರು ಹೂಡಿದ ಉಪಾಯಗಳು ಇಂದಿನ ಜಾಹೀರಾತುಗಾರರನ್ನೂ ಬೆರಗುಗೊಳಿಸತಕ್ಕವು. ಟ್ರಾಮ್ ಟಿಕೆಟ್ಟಿನ ಮೇಲೆ ಸಾಬೂನಿನ ಚಿತ್ರ, ಬೆಂಕಿಪೊಟ್ಟಣದ ಮೇಲೆ ಸಾಬೂನಿನ ಚಿತ್ರ; ಇವು ಸಾಲವೆಂಬಂತೆ ದೂರದ ಕರಾಚಿಯಲ್ಲಿ ಸಾಬೂನಿನ ಹೆಸರು ಸಾರುವುದಕ್ಕೆಂದು ಒಂಟೆಗಳ ಮೆರವಣಿಗೆ. ಹಣವೂ ಕಲ್ಪನೆಯೂ ಉಳ್ಳ ಮಾರಾಟಗಾರನು ತನ್ನ ಸರಕಿನ ಹೆಸರನ್ನು ಎಷ್ಟು ದೂರಕ್ಕೆ ಕೊಂಡೊಯ್ಯಬಲ್ಲನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ನಾಡಿನಲ್ಲಿ ದೊರೆಯುವುದು ಕಷ್ಟ.

ಆದರೆ ಆ ಮೆರವಣಿಗೆಯನ್ನು ನಿಂತು ನೋಡಿದ ಕರಾಚಿಯ ನಾಗರಿಕನಿಗೆ ಇದ್ದ ಸ್ವಾತಂತ್ರ್ಯ ಬಹಳ ಸಣ್ಣದು: ಅವನು ಸಾಬೂನನ್ನು ಕೊಳ್ಳಬಹುದಾಗಿತ್ತು, ಇಲ್ಲವೆ ಕೊಳ್ಳದೆ ಸುಮ್ಮನಿರಬಹುದಾಗಿತ್ತು. ಒಂಟೆಗಳ ವಿಷಯದಲ್ಲಿ ಅವನಿಗೆ ಯಾವ ಅಭಿಪ್ರಾಯವಿದ್ದರೂ ಅದು ಅವನ ಮನೆಯ ಜಗಲಿಯನ್ನು ದಾಟಿ ಮೈಸೂರು ದಿವಾನರ ಕಚೇರಿಯವರೆಗೆ ಬರುವ ಸಂಭವವಿರಲಿಲ್ಲ. ವೃತ್ತಪತ್ರಿಕೆ, ರೇಡಿಯೋ, ಸಿನಿಮಾ, ದೂರದರ್ಶನ ಇವು ಒಂದೊಂದಾಗಿ ಬಂದು ಪ್ರಚಾರದ ವ್ಯಾಪ್ತಿಯನ್ನು ಹತ್ತಾರು ಪಟ್ಟು ಹೆಚ್ಚಿಸಿದರೂ ಈ ಮೂಲಸ್ಥಿತಿಯನ್ನು ಬದಲಾಯಿಸಲಿಲ್ಲ. ಹೇಳುವವನು ಒಬ್ಬನೇ ಆಗಿದ್ದನು, ಕೇಳುವವರು ಮಾತ್ರ ಹೆಚ್ಚುತ್ತ ಹೋದರು. ಫೇಸ್‌ಬುಕ್, ಯೂಟ್ಯೂಬ್, ಟ್ವಿಟರ್, ಇನ್‌ಸ್ಟಾಗ್ರಾಂ ಮುಂತಾದ ಸಾಮಾಜಿಕ ಜಾಲತಾಣಗಳು ಈ ಶತಮಾನದಲ್ಲಿ ತಂದ ನಿಜವಾದ ವ್ಯತ್ಯಾಸವೆಂದರೆ, ಕೇಳುವವನ ಕೈಗೂ ಹೇಳುವವನ ಕೈಯಲ್ಲಿದ್ದಂಥದೇ ಕಹಳೆಯನ್ನು ಕೊಟ್ಟುದು.

ಈ ತಾಣಗಳಲ್ಲಿ ಒಂದು ಪೋಸ್ಟ್ ಯಾರ ಕಣ್ಣಿಗೆ ಬೀಳಬೇಕು, ಎಷ್ಟು ಮಂದಿಯ ಕಣ್ಣಿಗೆ ಬೀಳಬೇಕು ಎಂಬುದನ್ನು ನಿರ್ಣಯಿಸುವುದು ಅಲ್ಗಾರಿದಂ ಎಂಬ ಲೆಕ್ಕಾಚಾರ. ಮೊದಲು ನೋಡಿದ ಕೆಲವರು ಅದರ ಮುಂದೆ ಎಷ್ಟು ಹೊತ್ತು ನಿಂತರು, ಲೈಕು ಒತ್ತಿದರೋ ಇಲ್ಲವೋ, ಕಾಮೆಂಟು ಬರೆದರೋ, ಸ್ನೇಹಿತರಿಗೆ ಶೇರ್ ಮಾಡಿದರೋ ಎಂಬಂಥ ಸಂಜ್ಞೆಗಳನ್ನು ಆ ಲೆಕ್ಕಾಚಾರವು ತೂಗಿ, ಜನರು ಆಸ್ಥೆಯಿಂದ ಮುಟ್ಟಿದ್ದನ್ನು ಇನ್ನಷ್ಟು ಜನರ ಮುಂದೆ ತರುತ್ತದೆ, ಮುಟ್ಟದೆ ಬಿಟ್ಟುದನ್ನು ಹಿಂದಕ್ಕೆ ಸರಿಸುತ್ತದೆ. ಹಣ ಕೊಟ್ಟು ಜಾಹೀರಾತನ್ನು ಮುಂದಕ್ಕೆ ತಳ್ಳುವ ವ್ಯವಸ್ಥೆ ಇಲ್ಲಿಯೂ ಉಂಟು. ಆದರೆ ಹಣದಿಂದ ಕೊಳ್ಳಬಹುದಾದುದು ಜನರ ಕಣ್ಣನ್ನು ಮಾತ್ರ, ಅವರ ಬಾಯನ್ನಲ್ಲ. ಜನರು ತಾವಾಗಿಯೇ ಎತ್ತಿಕೊಂಡು ತಮ್ಮ ಮಾತಾಗಿ ಹರಡಿದ ಪ್ರಚಾರವು ಕಂಪನಿಗೆ ಹೆಚ್ಚು ವೆಚ್ಚವಿಲ್ಲದೆ ದೊರೆತ ಲಾಭವಾದುದರಿಂದ, ಜಾಹೀರಾತು ಸಂಸ್ಥೆಗಳ ಪ್ರತಿಭೆಯ ಬಹುಭಾಗ ಇಂದು ಈ ಒಂದು ಗುರಿಯ ಮೇಲೆಯೇ ವ್ಯಯವಾಗುತ್ತಿದೆ.

ಅರಳಿಕಟ್ಟೆಯ ಮೇಲೆ ನಾಲ್ಕು ಜನ ಕೂಡಿ ಹರಟುತ್ತಿರುವಾಗ ನಡುವೆ ಬಂದು ಕುಳಿತ ವ್ಯಾಪಾರಿಯೊಬ್ಬನು ಗಂಟನ್ನು ಬಿಚ್ಚಿ ಸೀರೆಗಳ ಗುಣಗಾನಕ್ಕೆ ತೊಡಗಿದರೆ ಜನ ಎದ್ದುಹೋಗುತ್ತಾರೆ. ಅವನೇ ಹರಟೆಗೆ ಒಂದು ಒಳ್ಳೆಯ ಮಾತನ್ನು ಸೇರಿಸಿದರೆ, ಎದ್ದುಹೋಗುವ ಹೊತ್ತಿಗೆ ಗಂಟಿನಲ್ಲಿ ಏನಿದೆಯೆಂದು ಅವರೇ ಕೇಳುತ್ತಾರೆ. ಜಾಲತಾಣದ ಪ್ರಚಾರಕಲೆಯೆಲ್ಲವೂ ಈ ಎರಡನೆಯ ವ್ಯಾಪಾರಿಯ ಜಾಣ್ಮೆಯೇ ಆಗಿದೆ. ಆದರೆ ಆ ಜಾಣ್ಮೆಗೂ ಒಂದು ಮೂಲಧನ ಬೇಕು. ಅದು ಜನರ ಮನಸ್ಸಿನಲ್ಲಿ ಮೊದಲೇ ನೆಲೆಸಿರುವ ಅಭಿಪ್ರಾಯ. ಚತುರವಾದ ಪ್ರಚಾರವು ಪ್ರೀತಿಯನ್ನು ಶೂನ್ಯದಿಂದ ಸೃಷ್ಟಿಸಲಾರದು. ಇರುವ ಪ್ರೀತಿಗೆ, ಇರುವ ಪರಿಚಯಕ್ಕೆ, ಕೆಲವೊಮ್ಮೆ ಇರುವ ಸಿಟ್ಟಿಗೂ, ಮಾತಾಗಿ ಹರಿಯಲು ಕಾಲುವೆಯನ್ನು ತೋಡಿಕೊಡುತ್ತದೆ. ಕಾಲುವೆ ತೋಡಿದವನಿಗೆ ನೀರಿನ ಮೇಲೆ ಯಜಮಾನಿಕೆ ಇರುವುದಿಲ್ಲವೆಂಬುದೇ ಈ ವಿದ್ಯೆಯ ಸೊಗಸೂ ಹೌದು, ಅಪಾಯವೂ ಹೌದು.

ಜಾಲತಾಣವು ಹುಟ್ಟುವ ಎಷ್ಟೋ ಮೊದಲೇ ಈ ಮರ್ಮವನ್ನು ಅರಿತಿದ್ದವರು ಗುಜರಾತಿನ ಆನಂದ್ ಪಟ್ಟಣದ ಹಾಲು ಉತ್ಪಾದಕರ ಸಹಕಾರ ಸಂಘದವರು. 1966ರಲ್ಲಿ ಸಿಲ್ವೆಸ್ಟರ್ ಡಾಕುನ್ಹಾ ಎಂಬ ಜಾಹೀರಾತುಗಾರರೂ ಯೂಸ್ಟೇಸ್ ಫರ್ನಾಂಡಿಸ್ ಎಂಬ ಚಿತ್ರಕಾರರೂ ಕೂಡಿ, ಅಮುಲ್ ಬೆಣ್ಣೆಗಾಗಿ ಚುಕ್ಕೆ ಲಂಗದ, ನೀಲಿ ಕೂದಲಿನ ಪುಟ್ಟ ಹುಡುಗಿಯೊಬ್ಬಳನ್ನು ರೂಪಿಸಿ ಮುಂಬಯಿಯ ಹೋರ್ಡಿಂಗುಗಳ ಮೇಲೆ ನಿಲ್ಲಿಸಿದರು. ಅವಳು ಬೆಣ್ಣೆಯ ವಿಷಯವನ್ನು ಆಡಿದುದು ಸ್ವಲ್ಪ. ಊರಿನವರು ಆ ವಾರ ಯಾವುದನ್ನು ಕುರಿತು ಮಾತಾಡುತ್ತಿದ್ದರೋ, ಅದು ಕುದುರೆ ಜೂಜಾಗಲಿ, ಕ್ರಿಕೆಟ್ಟಾಗಲಿ, ಮಂತ್ರಿಯೊಬ್ಬರ ಅವಾಂತರವಾಗಲಿ, ಆ ಮಾತಿಗೆ ತನ್ನದೊಂದು ಶ್ಲೇಷೆಯನ್ನು ಸೇರಿಸಿ ನಗಿಸಿದುದೇ ಹೆಚ್ಚು. ವಾರದ ಸುದ್ದಿ ಹಳತಾಗುವುದರೊಳಗೆ ಹೋರ್ಡಿಂಗು ಮೇಲೇರಬೇಕಾಗಿದ್ದುದರಿಂದ, ಪ್ರತಿಯೊಂದು ಚಿತ್ರವನ್ನೂ ಒಪ್ಪಿಗೆಗೆ ಕಳುಹಿಸಿ ಕಾಯುವ ಅಗತ್ಯವಿಲ್ಲವೆಂದು ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದ ವರ್ಗೀಸ್ ಕುರಿಯನ್ನರು ಡಾಕುನ್ಹಾ ಅವರಿಗೆ ಸ್ವಾತಂತ್ರ್ಯ ಕೊಟ್ಟರು. ತಂದೆಯ ತರುವಾಯ ಮಗ ರಾಹುಲ್ ಡಾಕುನ್ಹಾ, ಬರಹಗಾರ ಮನೀಶ್ ಜವೇರಿ, ಚಿತ್ರಕಾರ ಜಯಂತ್ ರಾಣೆ ಇವರ ಸಣ್ಣ ತಂಡ ಅದೇ ಪದ್ಧತಿಯನ್ನು ಮುಂದುವರಿಸಿತು. ಫೇಸ್‌ಬುಕ್ಕೂ ಟ್ವಿಟರೂ ಬಂದಾಗ ಅಮುಲ್ ಹುಡುಗಿಗೆ ಹೊಸದಾಗಿ ಕಲಿಯಬೇಕಾದುದು ಏನೂ ಇರಲಿಲ್ಲ. ಮುಂಬಯಿಯ ರಸ್ತೆತಿರುವಿನಲ್ಲಿ ನಿಂತಿದ್ದವಳು ಎಲ್ಲರ ಮೊಬೈಲಿಗೆ ಬಂದಳು, ಅಷ್ಟೆ.

ಇದೇ ಸಮಯಸ್ಫೂರ್ತಿಯ ಪಾಶ್ಚಾತ್ಯ ನಿದರ್ಶನವೊಂದು ಪ್ರಚಾರಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಪಾಠವಾಗಿದೆ. 2013ರ ಫೆಬ್ರವರಿ 3ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಸೂಪರ್ ಬೌಲ್ ಪಂದ್ಯ ನಡೆಯುತ್ತಿರುವಾಗ ಕ್ರೀಡಾಂಗಣದ ವಿದ್ಯುತ್ತು ಕೈಕೊಟ್ಟು ಆಟವು 34 ನಿಮಿಷ ನಿಂತಿತು. ಆ ಪಂದ್ಯದ ನಡುವೆ ಅರ್ಧ ನಿಮಿಷದ ಜಾಹೀರಾತಿಗೆ ಕಂಪನಿಗಳು ಲಕ್ಷಾಂತರ ಡಾಲರುಗಳನ್ನು ತೆರುತ್ತವೆ. ಅದೇ ಕತ್ತಲೆಯಲ್ಲಿ ಓರಿಯೋ ಬಿಸ್ಕತ್ತಿನವರು ಮಂದ ಬೆಳಕಿನಲ್ಲಿ ಕಾಣುವ ಒಂದೇ ಒಂದು ಬಿಸ್ಕತ್ತಿನ ಚಿತ್ರವನ್ನು ಹಾಕಿ, ಕತ್ತಲಲ್ಲಿಯೂ ಬಿಸ್ಕತ್ತನ್ನು ಹಾಲಿನಲ್ಲಿ ಅದ್ದುವುದಕ್ಕೆ ಅಡ್ಡಿಯಿಲ್ಲವೆಂಬ ಅರ್ಥದ ಒಂದು ಸಾಲನ್ನು ಟ್ವಿಟರಿನಲ್ಲಿ ಬರೆದರು. ಸಾವಿರಾರು ಜನ ಅದನ್ನು ಹಂಚಿದರು. ಮರುದಿನ ಪತ್ರಿಕೆಗಳು ಹಣ ತೆತ್ತವರ ಜಾಹೀರಾತುಗಳಿಗೆ ಸರಿಸಮನಾಗಿ ಈ ಸಾಲನ್ನು ಚರ್ಚಿಸಿದವು.

ಇದನ್ನು ಕೇವಲ ಅದೃಷ್ಟವೆಂದು ಎಣಿಸಿದರೆ ತಪ್ಪಾದೀತು. ಬಿಸ್ಕತ್ತಿಗೆ ನೂರು ವರ್ಷ ತುಂಬಿದ ಹಿಂದಿನ ವರ್ಷ, 2012ರಲ್ಲಿ, ಆ ಕಂಪನಿಯು 100 ದಿನಗಳ ಕಾಲ ದಿನಕ್ಕೊಂದರಂತೆ, ಆ ದಿನದ ಸುದ್ದಿಗೆ ಬಿಸ್ಕತ್ತನ್ನು ಹೊಂದಿಸಿದ ಚಿತ್ರಗಳನ್ನು ಪ್ರಕಟಿಸಿತ್ತು. ಪಂದ್ಯದ ರಾತ್ರಿ ಬರೆಯುವವರು, ಚಿತ್ರ ಬಿಡಿಸುವವರು ಮಾತ್ರವಲ್ಲದೆ ಒಪ್ಪಿಗೆ ಕೊಡತಕ್ಕ ಅಧಿಕಾರಿಗಳೂ ಕೂಡಿ ಕಾದು ಕುಳಿತಿದ್ದರು. ಕತ್ತಲೆ ಆಕಸ್ಮಿಕವಾದರೂ ಉತ್ತರವು ಅಭ್ಯಾಸದ ಫಲ. ಕಡತವು ಐದು ಮೇಜುಗಳನ್ನು ಸುತ್ತಿ ಬರುವಷ್ಟರಲ್ಲಿ ದೀಪ ಹತ್ತಿ ಆಟ ಮುಗಿದಿರುತ್ತಿತ್ತು. ನಮ್ಮ ಕಂಪನಿಗಳ ಜಾಲತಾಣದ ಮಾತುಗಳು ಹೆಚ್ಚಿನ ಪಾಲು ಸಪ್ಪೆಯಾಗಿರುವುದಕ್ಕೆ ಬರೆಯುವವರಲ್ಲಿ ಹಾಸ್ಯಪ್ರಜ್ಞೆಯ ಅಭಾವವು ಕಾರಣವಲ್ಲ. ಹಾಸ್ಯವು ಬಿಸಿಯಾಗಿರುವಾಗಲೇ ಅದಕ್ಕೆ ಸಹಿ ಹಾಕುವ ಧೈರ್ಯವುಳ್ಳ ಮೇಲಧಿಕಾರಿಗಳ ಅಭಾವವು ಕಾರಣ.

ಇನ್ನು ನಮ್ಮ ಬೆಂಗಳೂರಿನದೇ ಒಂದು ಪ್ರಸಂಗ. ಕ್ರೆಡಿಟ್ ಕಾರ್ಡಿನ ಬಿಲ್ಲುಗಳನ್ನು ಪಾವತಿಮಾಡುವ ಕ್ರೆಡ್ ಎಂಬ ಆ್ಯಪಿನ ಕಂಪನಿ 2021ರ ಐಪಿಎಲ್ ಆರಂಭವಾದ ಏಪ್ರಿಲ್ 9ರಂದೇ ಒಂದು ಜಾಹೀರಾತನ್ನು ಬಿಡುಗಡೆಮಾಡಿತು. ಕಾರ್ಡಿನ ಬಿಲ್ಲು ಕಟ್ಟಿದವರಿಗೆ ಉಡುಗೊರೆ ಕೊಡುತ್ತೇವೆಂಬುದು ನಂಬಲಾಗದ ಮಾತಲ್ಲವೆ, ರಾಹುಲ್ ದ್ರಾವಿಡರಿಗೆ ಮೂಗಿನ ಮೇಲೆ ಕೋಪ ಎಂದು ಹೇಳಿದ ಹಾಗೆ, ಎಂಬುದು ಅದರ ಪೀಠಿಕೆ. ಮರುಕ್ಷಣವೇ ದ್ರಾವಿಡರು ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡು ಹಾರನ್ ಒತ್ತುತ್ತ ಕೂಗಾಡುತ್ತಾರೆ. ಬ್ಯಾಟು ಹಿಡಿದು ಪಕ್ಕದ ಕಾರಿನ ಕನ್ನಡಿಯನ್ನು ಪುಡಿಗೈಯುತ್ತಾರೆ. ಕೊನೆಗೆ ಕಾರಿನ ಚಾವಣಿಯಿಂದ ಮೇಲೆದ್ದು, ತಾನು ಇಂದಿರಾನಗರದ ಗೂಂಡಾ ಎಂದು ಹಿಂದಿಯಲ್ಲಿ ಆರ್ಭಟಿಸುತ್ತಾರೆ.

ಕೆಲವೇ ಗಂಟೆಗಳಲ್ಲಿ ಈ ಆರ್ಭಟವು ದೇಶದ ಮೊಬೈಲುಗಳಲ್ಲೆಲ್ಲ ಮೊಳಗಿತು. ರಾಹುಲ್ ಭಾಯಿಯ ಈ ಮುಖವನ್ನು ತಾನೆಂದೂ ಕಂಡಿರಲಿಲ್ಲವೆಂದು ವಿರಾಟ್ ಕೊಹ್ಲಿ ಬರೆದರು. ರಸ್ತೆಯಲ್ಲಿ ಸಿಟ್ಟಿಗೆದ್ದ ಗೂಂಡಾ ಒಬ್ಬನಿರುವ ಕಾರಣ ಇಂದಿರಾನಗರಕ್ಕೆ ಊಟ ತಲುಪುವುದು ತಡವಾದೀತೆಂದು ಜೊಮಾಟೊ ಪ್ರಕಟಣೆ ಹೊರಡಿಸಿತು. ಎಂದರೆ ಒಂದು ಕಂಪನಿಯ ಜಾಹೀರಾತನ್ನು ಮತ್ತೊಂದು ಕಂಪನಿ ಕಾಸು ಕೇಳದೆ ಹೊತ್ತು ತಿರುಗಿತು. ಜನರು ಆ ಚಿತ್ರವನ್ನು ಕತ್ತರಿಸಿ, ತಮ್ಮ ಆಫೀಸಿನ ಸೋಮವಾರಕ್ಕೂ ಮನೆಯ ಜಗಳಕ್ಕೂ ಹೊಂದಿಸಿ, ಮೀಮುಗಳನ್ನಾಗಿ ಮಾಡಿದರು. ಇದರ ಗುಟ್ಟನ್ನು ಬಿಡಿಸಿ ನೋಡಿದರೆ, ಕಂಪನಿಯು ಬಳಸಿದ ದ್ರವ್ಯ ತನ್ನದಲ್ಲವೆಂಬುದು ತಿಳಿಯುತ್ತದೆ. 1996ರಿಂದ 2012ರವರೆಗೆ ಟೆಸ್ಟ್ ಪಂದ್ಯಗಳಲ್ಲಿ ಗಂಟೆಗಟ್ಟಲೆ ಚೆಂಡನ್ನು ತಡೆದು, ಸೋತಾಗ ಮುಖ ಗಂಟಿಕ್ಕದೆ, ಗೆದ್ದಾಗ ಕುಣಿಯದೆ, ಗೋಡೆಯೆಂದೇ ಹೆಸರಾದ ಮನುಷ್ಯನ ಸಂಯಮದ ವಿಷಯದಲ್ಲಿ ಜನರ ಮನಸ್ಸಿನಲ್ಲಿ ಸಂಚಿತವಾಗಿದ್ದ ಗೌರವವೇ ಆ ದ್ರವ್ಯ. ಆ ಗೌರವ ದೃಢವಾಗಿದ್ದುದರಿಂದಲೇ ಅದರ ವಿಪರ್ಯಾಸ ನಗೆಯನ್ನು ಹುಟ್ಟಿಸಿತು. ನಿಜವಾಗಿಯೂ ಮುಂಗೋಪಿಯಾದ ಆಟಗಾರನನ್ನು ಅದೇ ಕಾರಿನಲ್ಲಿ ಕೂರಿಸಿದ್ದರೆ ಅದು ಸುದ್ದಿಯಾಗುತ್ತಿತ್ತೇ ಹೊರತು ಹಾಸ್ಯವಾಗುತ್ತಿರಲಿಲ್ಲ.

ಇದೇ 2021ರ ದೀಪಾವಳಿಯಲ್ಲಿ ಕ್ಯಾಡ್‌ಬರಿ ಚಾಕೊಲೇಟಿನವರು ನಡೆಸಿದ ಪ್ರಯೋಗವು ಬೇರೆ ಜಾತಿಯದು. ಕೊರೋನಾದ ಹೊಡೆತಕ್ಕೆ ಸಿಕ್ಕು ಸೊರಗಿದ್ದ ಸಣ್ಣ ಅಂಗಡಿಯವರು ಶಾರುಖ್ ಖಾನರಂಥ ನಟನನ್ನು ಜಾಹೀರಾತಿಗೆ ಕರೆತರುವುದು ಕನಸಿನ ಮಾತು. ಕೃತಕ ಬುದ್ಧಿಮತ್ತೆಯಿಂದ ನಟನ ಮುಖವನ್ನೂ ದನಿಯನ್ನೂ ಹೊಂದಿಸಿ, ಬಡಾವಣೆಯ ಕಿರಾಣಿಯವನೋ ಚಪ್ಪಲಿ ಅಂಗಡಿಯವನೋ ತನ್ನ ಅಂಗಡಿಯ ಹೆಸರನ್ನು ತುಂಬಿಸಿದರೆ, ಆ ಹೆಸರನ್ನೇ ಶಾರುಖ್ ಖಾನ್ ಉಚ್ಚರಿಸುವ ಜಾಹೀರಾತು ಸಿದ್ಧವಾಗಿ ದೊರೆಯುವಂತೆ ಅವರು ಏರ್ಪಡಿಸಿದರು. ಇದರ ತಾಂತ್ರಿಕ ಭಾಗವನ್ನು ನಿರ್ವಹಿಸಿದುದು ರೀಫ್ರೇಸ್ ಎಂಬ ಬೆಂಗಳೂರಿನ ಸ್ಟಾರ್ಟಪ್. ಅಂಗಡಿಯವನು ಆ ವಿಡಿಯೋವನ್ನು ತನ್ನ ಗಿರಾಕಿಗಳ ವಾಟ್ಸ್‌ಆ್ಯಪಿಗೆ ಹೆಮ್ಮೆಯಿಂದ ಕಳುಹಿಸಿದನು. ಅದರೊಡನೆ ಚಾಕೊಲೇಟಿನ ಹೆಸರೂ ಹೋಯಿತು. ಮರುವರ್ಷ ಕಾನ್ ಜಾಹೀರಾತು ಉತ್ಸವದಲ್ಲಿ ಇದಕ್ಕೆ ಪ್ರಶಸ್ತಿಯೂ ಬಂದಿತು. ಹಂಚುವವನ ಸ್ವಂತ ಲಾಭವನ್ನು ಪ್ರಚಾರದೊಳಗೆ ಹೆಣೆದರೆ, ಹಂಚಿರಿ ಎಂದು ಅಂಗಲಾಚುವ ಅವಶ್ಯಕತೆ ಬೀಳುವುದಿಲ್ಲವೆಂಬುದು ಇದರ ನೀತಿ.

ಇಷ್ಟು ಹೊತ್ತು ಗೆದ್ದವರ ಮಾತಾಯಿತು. ಜಾಲತಾಣದ ಮಾತುಗಾರಿಕೆಯಲ್ಲಿ ದೇಶಕ್ಕೆಲ್ಲ ಗುರುವಾದ ಅಮುಲ್ಲಿಗೇ ಕಾಲು ಜಾರಿದ ಪ್ರಸಂಗವು ನಮ್ಮ ರಾಜ್ಯದಲ್ಲಿಯೇ ನಡೆಯಿತು. 2023ರ ಏಪ್ರಿಲ್ 5ರಂದು ಆ ಸಂಸ್ಥೆಯು, ಹಾಲು ಮೊಸರುಗಳ ತಾಜಾತನದ ಹೊಸ ಅಲೆಯೊಂದು ಬೆಂಗಳೂರಿಗೆ ಬರಲಿದೆ ಎಂಬ ಅರ್ಥದ ನಾಲ್ಕು ಮಾತುಗಳನ್ನು ಟ್ವಿಟರಿನಲ್ಲಿ ಪ್ರಕಟಿಸಿತು. ಬೇರೆ ಊರಿನಲ್ಲಾಗಿದ್ದರೆ ಅದು ಸಾಧಾರಣವಾದ ವ್ಯಾಪಾರೀ ಪ್ರಕಟಣೆ. ಆದರೆ ಅಮುಲ್ ಮತ್ತು ಕರ್ನಾಟಕದ ಹಾಲು ಮಹಾಮಂಡಳವಾದ ಕೆಎಂಎಫಿನ ನಂದಿನಿಗಳು ಕೂಡಿ ನಡೆಯಬೇಕೆಂದು ಕೇಂದ್ರದ ಸಹಕಾರ ಸಚಿವ ಅಮಿತ್ ಶಾ ಅವರು 2022ರ ಡಿಸೆಂಬರಿನಲ್ಲಿ ಮಂಡ್ಯ ಜಿಲ್ಲೆಯಲ್ಲಿ ಆಡಿದ್ದ ಮಾತಿನಿಂದ, ನಂದಿನಿಯನ್ನು ನುಂಗುವ ಹುನ್ನಾರ ನಡೆದಿದೆಯೆಂಬ ಶಂಕೆ ಆಗಲೇ ಹರಡಿತ್ತು. ಮೇ 10ರ ವಿಧಾನಸಭಾ ಚುನಾವಣೆ ಹೊಸ್ತಿಲಲ್ಲಿತ್ತು. ಅಲ್ಲದೆ 20 ಲಕ್ಷಕ್ಕೂ ಮಿಕ್ಕ ರೈತ ಕುಟುಂಬಗಳ ಹಾಲು ಸೇರುವ ಕೆಎಂಎಫ್ ಸಂಸ್ಥೆಯನ್ನು ಕನ್ನಡಿಗರು ಕೇವಲ ಒಂದು ಕಂಪನಿಯೆಂದು ಭಾವಿಸಿದವರೇ ಅಲ್ಲ.

ಪರಿಣಾಮವಾಗಿ, ನಂದಿನಿಯನ್ನು ಉಳಿಸಿ, ಅಮುಲ್ ಹಿಂದಿರುಗಲಿ ಎಂಬ ಹ್ಯಾಶ್‌ಟ್ಯಾಗುಗಳು ಟ್ರೆಂಡ್ ಆದವು. ಬೆಳಗಿನ ಕಾಫಿಗೆ ನಂದಿನಿಯ ನೀಲಿ ಪ್ಯಾಕೆಟ್ಟನ್ನು ಕತ್ತರಿಸುವಾಗ ಯಾವ ಭಾವನೆಯನ್ನೂ ಪ್ರಕಟಿಸದಿದ್ದವರು ಅದೇ ಪ್ಯಾಕೆಟ್ಟಿನ ಚಿತ್ರವನ್ನು ಧ್ವಜವೆಂಬಂತೆ ಹಾಕಿಕೊಂಡರು. ಬೆಂಗಳೂರಿನ ಹೋಟೆಲುಗಳವರ ಸಂಘವು ನಂದಿನಿಯನ್ನೇ ಬಳಸುವೆವೆಂದು ಸಾರಿತು. ಸಂಭಾವನೆ ಪಡೆಯದೆ ನಂದಿನಿಗೆ ಪ್ರಚಾರ ಮಾಡಿದ್ದ ಡಾ. ರಾಜಕುಮಾರರನ್ನೂ ಅವರ ಮಗ ಪುನೀತರನ್ನೂ ಜನ ನೆನೆದರು. ಯಾವ ಜಾಹೀರಾತು ಸಂಸ್ಥೆಯೂ ಕಲ್ಪಿಸಿಕೊಡಲಾರದಷ್ಟು ದೊಡ್ಡ ಆಂದೋಲನವು ಕೆಎಂಎಫಿಗೆ ಹೀಗೆ ತಾನಾಗಿ ಒದಗಿ ಬಂದಿತು. ಅದನ್ನು ಹೊತ್ತಿಸಿದ ಕಿಡಿ ಪ್ರತಿಸ್ಪರ್ಧಿಯದು. ಉರಿದ ಸೌದೆ ದಶಕಗಳ ವಿಶ್ವಾಸದ್ದು, ಅದರೊಡನೆ ಚುನಾವಣೆಯ ಗಾಳಿಯೂ ಬೀಸಿತೆಂಬುದನ್ನು ಮರೆಯತಕ್ಕದ್ದಲ್ಲ. ಮರುವರ್ಷ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್‌ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ನಂದಿನಿಯು ಪ್ರಾಯೋಜಕತ್ವ ಕೊಟ್ಟಾಗ, ಆ ದೂರದೇಶದ ಆಟಗಾರರು ನಂದಿನಿಯ ಹೆಸರು ಹೊತ್ತುದನ್ನು ಕಂಡು ಇಲ್ಲಿನ ಜನ ತಮ್ಮ ಮನೆಯ ಹುಡುಗರಿಗೆಂಬಂತೆ ಜಯಕಾರ ಹಾಕಿದರು.

ಮಾತು ಜನರ ಕೈಗೆ ಹೋದ ಮೇಲೆ ಅದು ಎತ್ತ ತಿರುಗೀತೆಂದು ಮುಂದಾಗಿ ಹೇಳುವುದು ಸಾಧ್ಯವಿಲ್ಲ. 2019ರ ಹೋಳಿಯ ಸಂದರ್ಭದಲ್ಲಿ ಸರ್ಫ್ ಎಕ್ಸೆಲ್ ಸೋಪಿನ ಪುಡಿಯವರು, ಹಿಂದೂ ಬಾಲಕಿಯೊಬ್ಬಳು ಬಣ್ಣದ ಎರಚಾಟವನ್ನೆಲ್ಲ ತಾನೇ ತಾಳಿಕೊಂಡು ಮುಸ್ಲಿಂ ಗೆಳೆಯನನ್ನು ಬಿಳಿಯ ಬಟ್ಟೆಯಲ್ಲಿಯೇ ಮಸೀದಿಗೆ ಮುಟ್ಟಿಸುವ ಕಥೆಯನ್ನು ತೋರಿಸಿದರು. ಮೆಚ್ಚಿದವರಷ್ಟೇ ಕೆರಳಿದವರೂ ಇದ್ದರು. ಕೆರಳಿದವರಲ್ಲಿ ಕೆಲವರು ಮೊಬೈಲಿನ ಆ್ಯಪ್ ಅಂಗಡಿಗೆ ನುಗ್ಗಿ, ಸೋಪಿನ ಪುಡಿಗೂ ತನಗೂ ಯಾವ ಸಂಬಂಧವೂ ಇಲ್ಲದ ಮೈಕ್ರೋಸಾಫ್ಟಿನ ಎಕ್ಸೆಲ್ ಎಂಬ ಲೆಕ್ಕದ ತಂತ್ರಾಂಶಕ್ಕೆ ಒಂದೊಂದೇ ನಕ್ಷತ್ರ ಕೊಟ್ಟು ಸೇಡು ತೀರಿಸಿಕೊಂಡರು. ಕರಾಚಿಯಲ್ಲಿ ಒಂಟೆ ಮೆರೆಸಿದ ಸಾಬೂನಿಗೂ ಕಾಲ ಬದಲಾದ ಅರಿವು 2025ರ ಮೇ ತಿಂಗಳಿನಲ್ಲಿ ಆಯಿತು. ಎರಡು ವರ್ಷಗಳಿಗೆ 6.2 ಕೋಟಿ ರೂಪಾಯಿ ಸಂಭಾವನೆಯ ಮೇಲೆ ತಮನ್ನಾ ಭಾಟಿಯಾ ಅವರನ್ನು ರಾಯಭಾರಿಯಾಗಿ ನೇಮಿಸಿದಾಗ, ಕನ್ನಡದ ನಟಿಯರು ಇರಲಿಲ್ಲವೆ ಎಂಬ ಪ್ರಶ್ನೆ ಜಾಲತಾಣದಲ್ಲೆಲ್ಲ ಎದ್ದಿತು. ಕರ್ನಾಟಕದ ಹೊರಗಿನ ಮಾರುಕಟ್ಟೆಯನ್ನು ಲಕ್ಷ್ಯದಲ್ಲಿಟ್ಟು ಮಾಡಿದ ಆಯ್ಕೆಯಿದು ಎಂದು ಸಚಿವ ಎಂ.ಬಿ. ಪಾಟೀಲರು ಅದೇ ಜಾಲತಾಣದಲ್ಲಿ ಸಮಾಧಾನ ಹೇಳಬೇಕಾಯಿತು. ವ್ಯಾಪಾರದ ದೃಷ್ಟಿಯಿಂದ ಆ ಉತ್ತರದಲ್ಲಿ ಯುಕ್ತಿಯುಂಟು. ಆದರೆ ಕೇಳಿದವರು ಗಿರಾಕಿಗಳಾಗಿ ಕೇಳಿರಲಿಲ್ಲ, ಮನೆಯವರಾಗಿ ಕೇಳಿದ್ದರು; ಮನೆಯವರ ಪ್ರಶ್ನೆಗೆ ಮಾರುಕಟ್ಟೆಯ ಲೆಕ್ಕವು ಪೂರ್ಣವಾದ ಉತ್ತರವಾಗಲಾರದು.

ಗಮನ ಸೆಳೆಯುವುದೊಂದೇ ಪುರುಷಾರ್ಥವೆಂದು ಬಗೆದಾಗ ಈ ವಿದ್ಯೆಯು ಎಷ್ಟು ಕೆಳಕ್ಕೆ ಇಳಿಯಬಲ್ಲದೆಂಬುದಕ್ಕೂ ಉದಾಹರಣೆಯಿದೆ. 2024ರ ಫೆಬ್ರವರಿಯಲ್ಲಿ ಮುಂಬಯಿಯ ನಟಿಯೊಬ್ಬರು ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡರೆಂದು ಅವರ ಖಾತೆಯಲ್ಲಿಯೇ ಪ್ರಕಟವಾಗಿ, ದೇಶವೆಲ್ಲ ಮರುಗಿದ ಮರುದಿನ, ಅದು ರೋಗಜಾಗೃತಿಗಾಗಿ ಹೂಡಿದ ಪ್ರಚಾರವೆಂದು ತಿಳಿದುಬಂದಿತು. ಉದ್ದೇಶ ಒಳ್ಳೆಯದೆಂದು ವಾದಿಸಿದವರೂ ಉಂಟು. ಆದರೆ ಆ ರೋಗದಿಂದ ತಾಯಿಯನ್ನೋ ಅಕ್ಕನನ್ನೋ ಕಳೆದುಕೊಂಡವರ ದುಃಖವನ್ನು ಅವರ ಅಪ್ಪಣೆಯಿಲ್ಲದೆ ಬಂಡವಾಳ ಮಾಡಿಕೊಂಡ ಪ್ರಚಾರ ಅದು. ಅದರ ರೂವಾರಿಗಳಾದ ಸಂಸ್ಥೆಯವರು ಕ್ಷಮೆ ಬೇಡಿದರು. ಜನರ ವಿಶ್ವಾಸವನ್ನು ಒಮ್ಮೆ ಹೀಗೆ ಸುಲಿದರೆ, ನಾಳೆ ನಿಜವಾದ ಎಚ್ಚರಿಕೆಯನ್ನು ಕೊಟ್ಟವನನ್ನೂ ಜನ ಸಂದೇಹದಿಂದ ನೋಡುವಂತಾಗುತ್ತದೆ.

ಕಾನೂನು ಕೂಡ ಈ ಕ್ಷೇತ್ರದತ್ತ ಕಣ್ಣು ತೆರೆದಿದೆ. 1985ರಲ್ಲಿ ಸ್ಥಾಪಿತವಾದ ಭಾರತೀಯ ಜಾಹೀರಾತು ಮಾನಕ ಮಂಡಳಿಯು 2021ರಲ್ಲಿ ಇನ್‌ಫ್ಲುಯೆನ್ಸರುಗಳಿಗೆ ನಿಯಮಗಳನ್ನು ರಚಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆಧಾರದ ಮೇಲೆ ಕೇಂದ್ರ ಸರ್ಕಾರವೂ 2023ರ ಜನವರಿಯಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಹಣವನ್ನೋ ಉಡುಗೊರೆಯನ್ನೋ ಉಚಿತ ಪ್ರವಾಸವನ್ನೋ ಪಡೆದು ಒಂದು ಸರಕನ್ನು ಹೊಗಳುವವರು, ಇದು ಜಾಹೀರಾತು ಎಂಬುದನ್ನು ಹೊಗಳಿದ ಭಾಷೆಯಲ್ಲಿಯೇ, ಎದ್ದು ಕಾಣುವಂತೆ ತಿಳಿಸತಕ್ಕದ್ದು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ, ಮತ್ತೆ ತಪ್ಪಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವುಂಟು. ಹೊಗಳಿಕೆಯ ಹಿಂದಿರುವ ಸಂಭಾವನೆ ಓದುಗನಿಗೆ ತಿಳಿದಾಗ ಮಾತ್ರ ಅದರ ತೂಕವನ್ನು ಅವನು ಸರಿಯಾಗಿ ನಿರ್ಣಯಿಸಬಲ್ಲನೆಂಬ ನ್ಯಾಯ ಇದರ ಹಿಂದಿದೆ.

ಈ ಎಲ್ಲದರಿಂದ ನಮ್ಮ ಸಣ್ಣ ಉದ್ಯಮಿಗಳು, ಎಂದರೆ ಚನ್ನಪಟ್ಟಣದ ಬೊಂಬೆಯವರು, ಇಳಕಲ್ಲಿನ ಸೀರೆಯವರು, ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಇನ್‌ಸ್ಟಾಗ್ರಾಂನಲ್ಲಿ ಮಾರುವ ಗೃಹಿಣಿಯರು, ಗ್ರಹಿಸತಕ್ಕ ಅಂಶವೊಂದಿದೆ. ದೊಡ್ಡ ಕಂಪನಿಗಳ ರೀಲ್ಸುಗಳನ್ನು ಅನುಕರಿಸುವುದರಿಂದ ಅವರಿಗೆ ಆಗಬೇಕಾದುದು ಅಲ್ಪ. ಯಾರ ಹಾಡಿಗೋ ಯಾರ ಕುಣಿತಕ್ಕೋ ತಮ್ಮ ಸರಕನ್ನು ಹೊಂದಿಸುವುದಕ್ಕಿಂತ, ಕೊಂಡವರು ತಮ್ಮ ವಿಷಯದಲ್ಲಿ ಈಗಾಗಲೇ ಏನನ್ನು ಹೇಳಿಕೊಳ್ಳುತ್ತಿದ್ದಾರೆಂಬುದನ್ನು ಕಿವಿಗೊಟ್ಟು ಕೇಳುವುದು ಲೇಸು. ಬೊಂಬೆಯ ಅರಗಿನ ಬಣ್ಣವನ್ನು ಮಗು ಬಾಯಿಗಿಟ್ಟರೂ ಭಯವಿಲ್ಲವೆಂದು ತಾಯಂದಿರು ಪರಸ್ಪರ ಹೇಳಿಕೊಳ್ಳುವುದಾದರೆ, ಆ ಮಾತನ್ನು ಚೊಕ್ಕವಾಗಿ, ನಗುವೋ ಬೆರಗೋ ಬೆರೆತಂತೆ ಮುಂದಿಡುವುದೇ ಅವರ ಪ್ರಚಾರ. ಜನರಲ್ಲಿ ಅಂಥ ಮಾತೇ ಹುಟ್ಟಿಲ್ಲವೆಂದಾದರೆ, ಪ್ರಚಾರಕ್ಕೆಂದು ತೆಗೆದಿಟ್ಟ ಹಣವನ್ನು ಆ ವರ್ಷದ ಮಟ್ಟಿಗೆ ಪದಾರ್ಥದ ಗುಣಕ್ಕೂ, ಗಿರಾಕಿಯ ದೂರಿಗೆ ಅಂದಂದೇ ಉತ್ತರ ಕೊಡುವ ಏರ್ಪಾಟಿಗೂ ವಿನಿಯೋಗಿಸುವುದು ವಿವೇಕ. ಏಕೆಂದರೆ ಜಾಲತಾಣದಲ್ಲಿ ಜಾಣ ಮಾತೊಂದು ಒಂದು ದಿನ ಓಡೀತು, ಮರುದಿನ ಅದನ್ನು ಎಳೆಯಬೇಕಾದುದು ಸರಕಿನ ಯೋಗ್ಯತೆಯೇ.